ಎರಡು ತಿರುವು ಹಿಂದೆ

ಸೈಕಲ್ಲಿಗೆ ಇಪ್ಪತ್ತೆಂಟು ಸಾವಿರ, ಶಿವಮೊಗ್ಗದಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದದ್ದಕ್ಕೆ ಕಂಡಕ್ಟರನಿಗೆ ಮುನ್ನೂರು, ಹೆಲ್ಮೆಟ್ಟಿಗೆ ಸಾವಿರದ ಇನ್ನೂರು. ಒಳಗೆ ಮೆತ್ತೆಯಿಟ್ಟ ಚಡ್ಡಿಗೆ ಅಂಗಡಿಯವನು ಎರಡು ಸಾವಿರ ಹೇಳಿದಾಗ ಮಲ್ಲಿಕಾ ಅದನ್ನು ಅಲ್ಲೇ ತಿರುಗಿಸಿ ಮುರುಗಿಸಿ ನೋಡಿ, ಹೊಲಿಗೆ ಎಲ್ಲೆಲ್ಲಿ ಹಾದಿದೆಯೆಂದು ಬೆರಳಲ್ಲಿ ತಿಳಿದುಕೊಂಡು, ಕೊಪ್ಪಕ್ಕೆ ಬಂದು ತನ್ನ ಟೈಲರಿಂಗ್ ಅಂಗಡಿಯಲ್ಲೇ ಹಳೆಯ ಸ್ಪಂಜು ಇಟ್ಟು ಹೊಲಿದುಕೊಂಡಿದ್ದಳು. ಅದಕ್ಕೆ ತೊಂಬತ್ತು ರೂಪಾಯಿ. ದುಡ್ಡಿನ ಲೆಕ್ಕ ಇಷ್ಟೇ. ದುಡ್ಡಿಗೆ ಬಾರದ ಖರ್ಚು ಬೇರೆ ಇತ್ತು. ಬಸ್‌ಸ್ಟ್ಯಾಂಡಿನ ಆಟೋದವರು ಮೊದಲ ಎರಡು ತಿಂಗಳು ನೋಡಿದ ನೋಟ, ರವಿಕೆಗೆ ಅಳತೆ ಕೊಡಲು ಬಂದವರು ಟೇಪಿನೊಳಗೆ ನಿಂತುಕೊಂಡೇ ಕೇಳಿದ ಪ್ರಶ್ನೆಗಳು, ‘ಶುಗರ್ ಬಂದ್ರೆ ನಡೆದ್ರೆ ಸಾಕಲ್ವಾ ಮಾರಾಯ್ತಿ, ಹಾರ್ಲೇಬೇಕಾ?’ ಎಂಬಂಥವು. ಎಲ್ಲಕ್ಕಿಂತ ದುಬಾರಿಯದ್ದು ಗಂಡ ಸೋಮನಾಥನ ಭಾನುವಾರದ ನಿದ್ದೆ. ಅದನ್ನು ಅವನು ಕೊಟ್ಟಿದ್ದ. ಅದರ ಬೆಲೆ ಎಷ್ಟೆಂದು ಅವನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಹಾಗೆ ಹೇಳದೆ ಇದ್ದದ್ದರಿಂದಲೇ ಅದು ವಾರವಾರಕ್ಕೂ ಬೆಳೆಯುತ್ತಿತ್ತು.

ಡಿಸೆಂಬರಿನ ಕೊನೆಯ ಭಾನುವಾರ ಬೆಳಗ್ಗೆ ಇನ್ನೂ ಮಸುಕಿರುವಾಗಲೇ ಅವಳು ಸೈಕಲ್ ಹೊರಗೆ ತಂದಳು. ಸೋಮನಾಥ ಮಂಕಿ ಟೋಪಿಯೊಳಗಿಂದ ಕೆಮ್ಮುತ್ತ ಸ್ಕೂಟರಿನ ಸೀಟಿನ ಮೇಲಿದ್ದ ಇಬ್ಬನಿಯನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ. ಆ ಕೆಮ್ಮು ಕೇಳಿದರೆ ಅವಳಿಗೆ ಅರ್ಧ ಕನಿಕರ, ಅರ್ಧ ಸಿಟ್ಟು. ಎದುರು ಮನೆಯ ಜಲಜಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದವಳು ತಂಬಿಗೆ ಹಿಡಿದೇ ನಿಂತು, “ಪುಣ್ಯ ಮಾಡಿದೀಯ ಮಲ್ಲಿಕಾ. ನಮ್ಮನೆಯವ್ರು ನಾನು ದೇವಸ್ಥಾನಕ್ಕೆ ಹೋದ್ರೆ ಗೇಟಿನವರೆಗೂ ಬರಲ್ಲ. ಇವ್ರು ನೋಡು, ಈ ಚಳಿಯಲ್ಲಿ ಹೆಂಡ್ತಿ ಹಿಂದೆ!” ಎಂದಳು. ಸೋಮನಾಥ ನಕ್ಕ. “ಎಂತ ಮಾಡೋದು ಜಲಜಮ್ಮ, ಕಟ್ಟಿಕೊಂಡ ಮೇಲೆ.” ಮಲ್ಲಿಕಾ ಫೋನು ತೆಗೆದು, ಪ್ರತಿ ವಾರದ ಹಾಗೆ, ತಾನಿರುವ ಜಾಗ ಅವನಿಗೆ ಕಾಣುವಂತೆ ಒತ್ತಿ ಕಳಿಸಿದಳು. ಇದನ್ನು ಕಲಿಸಿಕೊಟ್ಟವಳು ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿರುವ ಮಗಳು ಅರ್ಪಿತಾ. ಅಪ್ಪನ ಫೋನಿನ ನಕ್ಷೆಯಲ್ಲಿ ಅಮ್ಮ ಒಂದು ನೀಲಿ ಚುಕ್ಕೆಯಾಗಿ ಹೋಗುತ್ತಿರುತ್ತಾಳೆ, ಎಲ್ಲಾದರೂ ತಪ್ಪಿಹೋದರೆ ಇರಲಿ ಎಂದು. ತಪ್ಪಿಹೋಗಲು ಇರುವುದು ಒಂದೇ ರಸ್ತೆ, ಕೊಪ್ಪದಿಂದ ಹರಿಹರಪುರದ ಮೇಲೆ ಶೃಂಗೇರಿಗೆ, ಅಲ್ಲಿಂದ ಜಯಪುರದ ಮೇಲೆ ಸುತ್ತಿ ಮತ್ತೆ ಕೊಪ್ಪಕ್ಕೆ. ಹೋದ ದಾರಿಯಲ್ಲಿ ಬರುವುದಿಲ್ಲ, ಬಂದ ದಾರಿಯಲ್ಲಿ ಹೋಗುವುದಿಲ್ಲ.

ಹಿಂದೆ ಬರುವ ಕ್ರಮವನ್ನು ಮೊದಲ ದಿನವೇ ಸೋಮನಾಥ ಗೊತ್ತುಮಾಡಿದ್ದ. “ನಾನು ಬೆನ್ನಿಗೇ ಬಂದ್ರೆ ನಿನಗೂ ಹಿಂಸೆ, ಸ್ಕೂಟರಿಗೂ ಹಿಂಸೆ. ಎರಡು ತಿರುವು ಹಿಂದೆ ಇರ್ತೇನೆ. ನೀನು ತಿರುಗಿ ನೋಡಬೇಡ, ಬೀಳ್ತೀಯ. ಮುಂದೆ ನೋಡಿ ತುಳಿ.” ಅವಳು ಮುಂದೆ ನೋಡಿಯೇ ತುಳಿದಳು. ಬೇಸಿಗೆ, ಮಳೆಗಾಲದ ಬಿಡುವು, ಈಗ ಈ ಚಳಿ. ಇಡೀ ವರ್ಷ ಬೆನ್ನಿಗೆ ಅವನು ಅಂಟಿಕೊಂಡಿದ್ದ. ಏರಿನಲ್ಲಿ ಉಸಿರು ಕಟ್ಟಿದಾಗ ಇಳಿದು ತಳ್ಳಲು ನಾಚಿಕೆ, ಅವನು ನೋಡುತ್ತಾನೆಂದು. ಒಮ್ಮೊಮ್ಮೆ ಇಳಿಜಾರಿನಲ್ಲಿ ಗಾಳಿ ಕಿವಿ ತುಂಬಿದಾಗ ಬಾಯಿಗೆ ಬಂದ ಹಾಡನ್ನು ಅವಳು ಅಲ್ಲೇ ನುಂಗಿದ್ದಳು, ಎರಡು ತಿರುವಿನಾಚೆ ಒಬ್ಬ ಮನುಷ್ಯ ಕೆಮ್ಮುತ್ತ ತನ್ನಿಂದಾಗಿ ಚಳಿಯಲ್ಲಿರುವಾಗ ಹಾಡುವುದೇ ಎಂದು. ಹರಿಹರಪುರ ದಾಟಿ ಸ್ವಲ್ಪ ಮುಂದೆ, ಮರಗಳ ಸಂದಿಯಲ್ಲಿ ತುಂಗೆ ಕಾಣುವ ಒಂದು ಜಾಗವಿತ್ತು. ಅಲ್ಲಿ ಇಳಿದು ಕೂರಬೇಕೆಂದು ಪ್ರತಿ ವಾರ ಅನ್ನಿಸುತ್ತಿತ್ತು, ಪ್ರತಿ ವಾರ ಅವಳು ದಾಟಿಹೋಗುತ್ತಿದ್ದಳು. ಕೂತರೆ ಅವನೂ ಅಲ್ಲೆಲ್ಲೋ ಹಿಂದೆ ರಸ್ತೆಬದಿಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಕಾಯಬೇಕು. ಅವನ ಕಾಯುವಿಕೆಯನ್ನು ಬೆನ್ನಲ್ಲಿ ಇಟ್ಟುಕೊಂಡು ನದಿ ನೋಡುವುದಾದರೂ ಹೇಗೆ? ಹೀಗೆ ಅವಳು ತುಳಿದದ್ದೆಲ್ಲ ಬೇಗ ಮುಗಿಸಲಿಕ್ಕೆ. ಸೈಕಲ್ ಬಳಗದವರು ಅದನ್ನು ‘ಮೇಡಮ್ಮಿನ ಸ್ಪೀಡು’ ಅಂದುಕೊಂಡಿದ್ದರು.

ದೀಪಾವಳಿಗೆ ಮುಂಚಿನ ಭಾನುವಾರ ಶೃಂಗೇರಿ ದಾಟಿ ಜಯಪುರದ ಕಡೆ ಇಳಿಯುವಾಗ ಅವಳು ಬಿದ್ದಿದ್ದಳು. ಯಾರೋ ಅಡಿಕೆ ಸುಲಿದ ಸಿಪ್ಪೆಯನ್ನು ರಸ್ತೆಯಂಚಿಗೆ ಸುರಿದಿದ್ದರು, ಹಿಂದಿನ ರಾತ್ರಿಯ ಮಳೆಗೆ ಅದು ಲೋಳೆಯಾಗಿತ್ತು. ಮಂಡಿ ತರಚಿ, ಮೊಣಕೈ ಮರಗಟ್ಟಿ, ಸೈಕಲ್ಲಿನ ಕೆಳಗೆ ಕಾಲು ಸಿಕ್ಕಿಕೊಂಡು ಮಲಗಿದ್ದಾಗ ಅವಳಿಗೆ ಭಯವೇ ಆಗಿರಲಿಲ್ಲ. ಎರಡು ತಿರುವು, ಈಗ ಬರುತ್ತಾನೆ ಎಂದುಕೊಂಡಿದ್ದಳು. ಬರುವವರೆಗೆ ಅಲುಗಾಡಬಾರದು, ತಾನು ಬಿದ್ದದ್ದು ಅವನಿಗೆ ಪೂರ್ತಿ ಕಾಣಲಿ ಎಂಬ ಒಂದು ಹೇಸಿಗೆಯ ಆಸೆಯೂ ಆಗ ಹುಟ್ಟಿತ್ತು. ಇರುವೆ ಹತ್ತಿತು. ಒಂದು ಬಸ್ಸಿನ ಸದ್ದು ದೂರದಿಂದ ಕೇಳಿದಾಗ ಕಾಲೆಳೆದುಕೊಂಡು ಎದ್ದಳು. ಚೈನು ಸಿಕ್ಕಿಸಿಕೊಂಡು, ಒಂದೇ ಕಾಲಿನಲ್ಲಿ ಬಲ ಹಾಕುತ್ತ, ಅವನನ್ನು ಬೈಯುತ್ತ ಮನೆ ಸೇರಿದಳು. ಅವನು ಬಂದದ್ದು ಇನ್ನೂ ತಡವಾಗಿ. ಶೃಂಗೇರಿಯಲ್ಲಿ ಪಂಚರ್ ಆಯಿತೆಂದ. ಮಂಡಿ ನೋಡಿ ಮುಖ ಬಿಳಿಚಿಕೊಂಡು ಬಿಸಿನೀರು ಕಾಯಿಸಿದ, ಡೆಟಾಲಿನಲ್ಲಿ ಒರೆಸಿದ, ಉಪ್ಪಿಟ್ಟು ಮಾಡಿದ. ಆ ಉಪ್ಪಿಟ್ಟು ತಿನ್ನುತ್ತ ಅವಳಿಗೆ ತನ್ನ ಬಗ್ಗೆ ಅಸಹ್ಯವಾಗಿತ್ತು. ಇಂಥವನನ್ನು ದಾರಿಯುದ್ದಕ್ಕೂ ಶಪಿಸಿದೆನಲ್ಲ ಎಂದು.

ಈ ದಿನ ಅವಳು ಒಂದು ವಾಕ್ಯವನ್ನು ಸಿದ್ಧಮಾಡಿಕೊಂಡು ಹೊರಟಿದ್ದಳು. ‘ಹೊಸ ವರ್ಷದಿಂದ ನೀವು ಹಿಂದೆ ಬರೋದು ಬೇಡ.’ ಅಷ್ಟೆ. ರವಿಕೆ ಹೊಲಿಯುವಾಗ, ಕಾಜಾ ಹಾಕುವಾಗ, ಒಂದು ತಿಂಗಳಿಂದ ಅದನ್ನು ತಿದ್ದಿ ತಿದ್ದಿ ಸಣ್ಣದು ಮಾಡಿದ್ದಳು. ಮೊದಲು ಅದರಲ್ಲಿ ‘ನಿಮಗೆ ಚಳಿ ಆಗ್ತದೆ’ ಇತ್ತು, ‘ನನಗೆ ಈಗ ರೂಢಿ ಆಯ್ತು’ ಇತ್ತು. ಸುಳ್ಳುಗಳನ್ನು ಒಂದೊಂದಾಗಿ ಬಿಚ್ಚಿ ತೆಗೆದ ಮೇಲೆ ಉಳಿದದ್ದು ಇಷ್ಟು. ಮನೆಯಲ್ಲಿ ಹೇಳಲಾಗದು. ಮನೆಯಲ್ಲಿ ಅವನು ಕೆಮ್ಮುತ್ತಾನೆ, ಚಪ್ಪಲಿ ಹುಡುಕುತ್ತಾನೆ, ಟೀವಿ ಹಾಕುತ್ತಾನೆ. ರಸ್ತೆಯಲ್ಲಿ ಹೇಳಬೇಕು, ಅವನು ಸ್ಕೂಟರಿನ ಮೇಲೆ ಕೂತಿರುವಾಗ, ತಾನು ಸೈಕಲ್ ಹಿಡಿದು ನಿಂತಿರುವಾಗ. ಹರಿಹರಪುರ ದಾಟಿ ಮೊದಲ ಏರಿನ ನೆತ್ತಿಯಲ್ಲಿ, ಮೈಲಿಗಲ್ಲಿನ ಹತ್ತಿರ ಅವಳು ಇಳಿದಳು. ಮಂಜು ಮರಗಳಿಂದ ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಎಲ್ಲೋ ಅಡಿಕೆ ಬೇಯಿಸುವ ಒಗರು ವಾಸನೆ. ಬೆವರು ಆರಿ ಬೆನ್ನು ತಣ್ಣಗಾಯಿತು. ಒಂದು ಸದ್ದು ಹತ್ತಿರ ಬಂತು. ಅವಳು ಗಂಟಲು ಸರಿಮಾಡಿಕೊಂಡಳು. ಹಾಲಿನ ಕ್ಯಾನು ಕಟ್ಟಿಕೊಂಡ ಬೈಕು. ಮತ್ತೊಂದು ಸದ್ದು. ಶಬರಿಮಲೆಗೆ ಹೊರಟ ಜೀಪು, ಒಳಗೆ ಕಪ್ಪು ಬಟ್ಟೆಯವರು ಶರಣು ಹೇಳುತ್ತಿದ್ದರು. ಆಮೇಲೆ ಒಂದು ಸ್ಕೂಟರ್, ಬೇರೆ ಯಾರದ್ದೋ. ಆಗ ಅವಳಿಗೆ ಒಂದು ಸಂಗತಿ ಹೊಳೆಯಿತು, ವರ್ಷವೆಲ್ಲ ತಾನು ಬೆನ್ನಲ್ಲಿ ಕೇಳಿಸಿಕೊಂಡ ಸದ್ದು ಹೀಗೆ ಯಾರದ್ದಾದರೂ ಆಗಿರಬಹುದಿತ್ತು. ಆ ಯೋಚನೆಯನ್ನು ಅವಳು ಮುಂದುವರಿಸಲಿಲ್ಲ. ಅದರ ಬದಲು, ಬಿದ್ದಿರಬಹುದು ಅನ್ನಿಸಿತು. ಈ ಮಂಜು, ಆ ತಿರುವು, ಅವನ ಕಣ್ಣು ಬೇರೆ ಮೊದಲಿನಂತಿಲ್ಲ. ಬಿದ್ದಿರಬಹುದು ಎಂದುಕೊಂಡ ಆ ಚಣದಲ್ಲೇ, ಹಾಗಾದರೆ ವಾಕ್ಯ ಹೇಳುವುದು ತಪ್ಪುತ್ತದೆ ಎಂಬ ಒಂದು ನಿರಾಳವೂ ಮನಸ್ಸಿನ ಮೂಲೆಯಲ್ಲಿ ಸುಳಿದು ಹೋಯಿತು. ಅದಕ್ಕೆ ಹೆದರಿ ಅವಳು ಸೈಕಲ್ ತಿರುಗಿಸಿ, ಎಂದೂ ಹಿಂದಿರುಗದ ದಾರಿಯಲ್ಲಿ ಕೆಳಗಿಳಿದಳು.

ಹರಿಹರಪುರದ ಈಚೆ, ಕೊಪ್ಪದ ಕಡೆಯಿಂದ ಬರುವಾಗ ಕಾಣದ ಹಾಗೆ, ಒಂದು ಹಲಸಿನ ಮರದ ಹಿಂದೆ ರಂಗಪ್ಪನ ಹೋಟೆಲಿತ್ತು. ಹೋಟೆಲೆಂದರೆ ಶೀಟು ಹೊದೆಸಿದ ಒಂದು ಚಾವಡಿ. ಮರದ ಕೆಳಗೆ ಅವರ ಸ್ಕೂಟರ್ ನಿಂತಿತ್ತು. ಅವಳು ಸೈಕಲ್ಲನ್ನು ಮರಕ್ಕೆ ಒರಗಿಸಿ, ಹತ್ತಿರ ಹೋಗಿ ಎಂಜಿನ್ ಮುಟ್ಟಿದಳು. ತಣ್ಣಗಿತ್ತು. ಒಳಗಿನಿಂದ ಸೋಮನಾಥನ ನಗು ಕೇಳಿತು. ಮನೆಯಲ್ಲಿ ಕೇಳದಂಥ ನಗು, ಕೆಮ್ಮಿಲ್ಲದ್ದು.

“ಇನ್ನೊಂದು ಕಡುಬು ಹಾಕ್ಲಾ ಸೋಮಣ್ಣ?” ಎಂದ ರಂಗಪ್ಪ.

“ಹಾಕು ಮಾರಾಯ. ನಮ್ಮ ಚುಕ್ಕೆ ಶೃಂಗೇರಿ ಮುಟ್ಟೋದಕ್ಕೆ ಟೈಮುಂಟು.”

“ಎಲ್ಲಿವರೆಗೆ ಹೋಯ್ತು ಚುಕ್ಕೆ?”

“ಇಲ್ಲೇ ಏರಿನ ಮೇಲೆ ನಿಂತು ಬಿಟ್ಟಿದೆ. ನೆಟ್‌ವರ್ಕ್ ಇಲ್ಲ ಅಲ್ಲಿ. ಅದು ಹಂಗೇ, ನಿಂತು ನಿಂತು ಹೋಗ್ತದೆ. ದೀಪಾವಳಿ ಮುಂಚೆ ಒಂದಿನ ಜಯಪುರದ ಹತ್ರ ನಿಂತದ್ದು ಎಷ್ಟೊತ್ತು ಅಂತೀಯ! ನಾನು ಎರಡು ಕಾಫಿ ಕುಡಿದೆ, ಆಮೇಲೆ ಹೊರಡ್ತು.”

“ನಿಮಗೆ ಇದು ಭಾಳ ಅನುಕೂಲ ಬಿಡಿ. ಹೆಂಡ್ತಿ ಕಾಡಲ್ಲಿ, ನೀವು ಕಡುಬಲ್ಲಿ.”

“ನಗಬೇಡ್ವೋ. ವಾರಕ್ಕೊಂದು ದಿನ ಯಾರೂ ಎಂತದೂ ಕೇಳದೇ ಇರೋ ಜಾಗ ಅಂದ್ರೆ ನಂಗೆ ಇದೇ.”

ಮಲ್ಲಿಕಾ ಮರದ ಹಿಂದೆ ನಿಂತಿದ್ದಳು. ಒಳಗೆ ಹೋಗಿ ಎದುರು ನಿಲ್ಲಬೇಕೆಂದು ಒಂದು ಹೆಜ್ಜೆ ಇಟ್ಟವಳು ಅಲ್ಲೇ ತಡೆದಳು. ಅವನು ಕೊನೆಗೆ ಹೇಳಿದ ಮಾತು ಅವಳನ್ನು ತಡೆಯಿತು. ಅದು ಅವಳದ್ದೇ ಮಾತಾಗಿತ್ತು, ಅವಳ ವಾಕ್ಯದ ಹೊಟ್ಟೆಯೊಳಗಿದ್ದದ್ದು. ತಾನು ಇಪ್ಪತ್ತೆಂಟು ಸಾವಿರ ಕೊಟ್ಟು ಹುಡುಕಿದ್ದನ್ನು ಈತ ಕಡುಬಿನ ದುಡ್ಡಿಗೆ ಪಡೆದಿದ್ದ. ಆದರೆ ಎರಡು ಕಾಫಿ! ಅವಳು ಇರುವೆ ಕಚ್ಚಿಸಿಕೊಳ್ಳುತ್ತ, ಅವನಿಗೆ ಕಾಣಲೆಂದು ಅಲುಗಾಡದೆ ಮಲಗಿದ್ದಾಗ ಆ ಎರಡು ಕಾಫಿ. ಕಣ್ಣು ಉರಿಯಿತು. ಅದೇ ಹೊತ್ತಿಗೆ, ಬಟ್ಟೆಯ ಅಗಲ ನೋಡಿ ಎಷ್ಟು ಉಳಿಯುತ್ತದೆಂದು ಹೇಳಬಲ್ಲ ಅವಳ ವ್ಯವಹಾರದ ಬುದ್ಧಿ ಇನ್ನೊಂದು ಕಡೆಯಿಂದ ಮಾತಾಡಿತು. ಹೇಳಬೇಡ. ಹೇಳಿದರೆ ಜಗಳ, ಅಳು, ರಾಜಿ. ಹೇಳದಿದ್ದರೆ ಬರುವ ವರ್ಷವಿಡೀ ಹರಿಹರಪುರದಿಂದಾಚೆ ರಸ್ತೆ ನಿನ್ನದು. ಅವನಿಗೆ ಅವನ ಬೆಂಚು, ನಿನಗೆ ನಿನ್ನ ದಾರಿ. ನೀನು ಕೇಳಬೇಕೆಂದಿದ್ದದ್ದನ್ನು ಅವನು ಆಗಲೇ ಕೊಟ್ಟಾಗಿದೆ, ಕೊಟ್ಟದ್ದು ಅವನಿಗೂ ಗೊತ್ತಿಲ್ಲ. ಬಾಯಿ ಮುಚ್ಚಿಕೊಂಡಿರುವುದಷ್ಟೇ ಅದರ ಬೆಲೆ. ಅವಳು ಸೈಕಲ್ ಎತ್ತಿ, ಸರಪಳಿ ಸದ್ದಾಗದಂತೆ ನಡೆಸಿಕೊಂಡು ರಸ್ತೆಗೆ ಬಂದು, ನೇರ ಕೊಪ್ಪಕ್ಕೆ ತುಳಿದಳು. ಅವನ ಫೋನಿನಲ್ಲಿ ಆ ಚುಕ್ಕೆ ರಂಗಪ್ಪನ ಹೋಟೆಲಿನವರೆಗೆ ಬಂದು ಕೊಪ್ಪಕ್ಕೆ ಹೋದದ್ದನ್ನು ಅವನು ಕಂಡನೋ ಇಲ್ಲವೋ. ಕಂಡಿದ್ದರೆ ನೆಟ್‌ವರ್ಕ್ ಅಂದುಕೊಂಡಿರುತ್ತಾನೆ.

ಸೈಕಲ್ ಬಳಗದ ವರ್ಷಾಂತ್ಯದ ಕೂಟ ಹನ್ನೊಂದು ಗಂಟೆಗೆ ಕೊಪ್ಪದ ಒಂದು ಸಣ್ಣ ಸಭಾಂಗಣದಲ್ಲಿತ್ತು. ಮೂರು ತಾಲ್ಲೂಕಿನವರೂ ಬಂದಿದ್ದರು. ನರಸಿಂಹರಾಜಪುರದಿಂದ ಬಂದವರು ಅಲ್ಲಿ ಮನೆಮನೆಗೆ ತೂಗುಹಾಕಿದ ಕ್ರಿಸ್‌ಮಸ್ ನಕ್ಷತ್ರಗಳ ಫೋಟೋ ತೋರಿಸುತ್ತಿದ್ದರು, ಶೃಂಗೇರಿಯವರು ರಜೆಯ ಬಸ್ಸುಗಳನ್ನು ಬೈಯುತ್ತಿದ್ದರು. ಮನೆಗೆ ಹೋಗಿ ಸೀರೆಯುಟ್ಟು ಬಂದ ಮಲ್ಲಿಕಾ ಹಿಂದಿನ ಕುರ್ಚಿಯಲ್ಲಿ ಕೂತಳು, ಸೋಮನಾಥ ಗಂಡಸರ ಸಾಲಿನಲ್ಲಿ. ಮನಸ್ಸು ಆಶ್ಚರ್ಯವಾಗುವಷ್ಟು ಶಾಂತವಾಗಿತ್ತು. ಬಳಗದ ಅಧ್ಯಕ್ಷರು ಶಿವಶಂಕರಪ್ಪ, ನಿವೃತ್ತ ಹೆಡ್‌ಮಾಸ್ಟರು. ಮೈಕು ಸಿಕ್ಕರೆ ಇಳಿಜಾರಿನಲ್ಲಿ ಬ್ರೇಕ್ ಹೋದ ಹಾಗೆ ಅವರ ಮಾತು. ಈ ವರ್ಷ ಅತಿ ಹೆಚ್ಚು ದೂರ ತುಳಿದವರು ಯಾರು, ತುಳಿಯುವ ಒಬ್ಬರೇ ಹೆಂಗಸು ಯಾರು ಎಂದೆಲ್ಲ ಪೀಠಿಕೆ ಹಾಕಿದಾಗ ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡಳು. ಮಾಡಿಕೊಂಡದ್ದಕ್ಕೆ ಆಮೇಲೆ ಎಷ್ಟೋ ಹೊತ್ತು ಅವಳಿಗೆ ಮುಖ ಬಿಸಿಯಾಗಿತ್ತು.

“ಆದರೆ,” ಎಂದರು ಶಿವಶಂಕರಪ್ಪ, “ಆ ತಾಯಿಯ ಹಿಂದೆ ಒಂದು ಶಕ್ತಿ ಇದೆ. ಚಳಿಯೆನ್ನದೆ ಬಿಸಿಲೆನ್ನದೆ, ಕಣ್ಣಿಗೂ ಬೀಳದೆ ಹೆಂಡತಿಯನ್ನು ಕಾಯ್ದ ಮಹಾನುಭಾವ. ಆಕೆ ಜಯಪುರದ ಇಳಿಜಾರಿನಲ್ಲಿ ಬಿದ್ದಾಗ ಎತ್ತಿದ ಕೈ ಯಾವುದು? ಈ ವರ್ಷದ ನಮ್ಮ ಸನ್ಮಾನ ಶ್ರೀ ಸೋಮನಾಥ್ ಅವರಿಗೆ!”

ಚಪ್ಪಾಳೆ. ಸೋಮನಾಥ ನಿಜವಾಗಿಯೂ ಗಾಬರಿಯಾದದ್ದನ್ನು ಅವಳು ಕಂಡಳು. “ಅಯ್ಯೋ ಬ್ಯಾಡ ಸಾರ್, ನಾನೆಂತ ಮಾಡಿದೀನಿ” ಎಂದು ಕುರ್ಚಿಗೆ ಅಂಟಿಕೊಂಡವನನ್ನು ಇಬ್ಬರು ಎಳೆದು ಮುಂದೆ ಕೂರಿಸಿದರು. ಶಾಲು, ಹಣ್ಣಿನ ಬುಟ್ಟಿ, ತಲೆಗೆ ಕೊಂಚ ದೊಡ್ಡದಾದ ಮೈಸೂರು ಪೇಟ. ಪೇಟ ಕಿವಿಯವರೆಗೆ ಇಳಿಯಿತು. ಎತ್ತಿದ ಕೈಯ ವಿಷಯದಲ್ಲಿ ಮಾತ್ರ ಅವನು ಇಲ್ಲವೆನ್ನಲಿಲ್ಲ. ತಲೆ ತಗ್ಗಿಸಿ ಹಣ್ಣಿನ ಬುಟ್ಟಿಯ ಕಿತ್ತಳೆ ನೋಡುತ್ತ ಕೂತ. “ಮೇಡಂ ಎರಡು ಮಾತು!” ಎಂದು ಮೈಕು ಅವಳ ಕೈಗೆ ಬಂತು. ಎಲ್ಲರೂ ತಿರುಗಿದರು. ಅವನೂ ನೋಡಿದ. ಪೇಟದ ಕೆಳಗಿನ ಆ ಕಣ್ಣುಗಳಲ್ಲಿ ಕಳ್ಳತನವಿರಲಿಲ್ಲ. ಅರ್ಹತೆಯಿಲ್ಲದೆ ಹೊಗಳಿಸಿಕೊಂಡವನ ಸಂಕಟವಿತ್ತು. ಅವಳಿಗೆ ಅದು ಇನ್ನೂ ಕಹಿಯಾಯಿತು. ಅವನು ಕಪಟಿಯಾಗಿದ್ದರೆ ಸುಲಭವಿತ್ತು. “ಎಲ್ಲರಿಗೂ ನಮಸ್ಕಾರ. ಅವರು ಇಲ್ಲದಿದ್ದರೆ ನನಗೆ ಮನೆಯಿಂದ ಹೊರಡಲು ಆಗುತ್ತಿರಲಿಲ್ಲ” ಎಂದಳು. ಇದು ಸತ್ಯವಾಗಿತ್ತು. ಹೇಳಿ ಕೂತಳು. ಬೆಲೆ ಕೊಟ್ಟಾಯಿತು, ರಸ್ತೆ ನನ್ನದಾಯಿತು ಅಂದುಕೊಂಡಳು.

ಮನೆಯಲ್ಲಿ ಸೋಮನಾಥ ಪೇಟವನ್ನು ಎಲ್ಲಿಡುವುದೆಂದು ಕೋಣೆ ಕೋಣೆ ಸುತ್ತಿದ. ಬೀರುವಿನ ಮೇಲಿಟ್ಟ, ತೆಗೆದ, ಟೀವಿಯ ಪಕ್ಕ ಇಟ್ಟ. ಅರ್ಪಿತಾಳಿಗೆ ಫೋಟೋ ಕಳಿಸಿದ, ಅವಳು ನಗುವ ಮುಖಗಳನ್ನು ಕಳಿಸಿದಳು. ಮಲ್ಲಿಕಾ ಸೊಪ್ಪು ಹೆಚ್ಚುತ್ತಿದ್ದಳು. ಕೂಟದಲ್ಲಿ ಇದ್ದ ಸಂಕಟ ಈಗ ಅವನ ಮುಖದಲ್ಲಿರಲಿಲ್ಲ. ಶಾಲಿನ ಬಿಸುಪು ಅದನ್ನು ಕರಗಿಸಿತ್ತು. ಒಂದು ಕಿತ್ತಳೆ ಸುಲಿದು ಅರ್ಧ ಅವಳ ಮುಂದಿಟ್ಟ.

“ಒಂದು ಲೆಕ್ಕದಲ್ಲಿ ಅವ್ರು ಹೇಳಿದ್ದು ಸರಿ ಅಲ್ವಾ?” ಎಂದ. “ಹಿಂದೆ ಒಬ್ಬ ಇದಾನೆ ಅಂತ ಧೈರ್ಯ ಇದ್ದದ್ದಕ್ಕೇ ನೀನು ಅವತ್ತು ಬಿದ್ದ ಮೇಲೂ ಎದ್ದು ಬಂದದ್ದು. ಪಂಚರ್ ಒಂದು ಆಗದಿದ್ರೆ—”

ಚಾಕು ನಿಂತಿತು. ಸುಮ್ಮನಿರು ಎಂದಿತು ಬುದ್ಧಿ. ಸುಮ್ಮನಿರಬಹುದಿತ್ತು. ಇನ್ನು ಒಂದು ಉಸಿರು ಹಿಡಿದಿದ್ದರೆ ಅವನು ಟೀವಿ ಹಾಕುತ್ತಿದ್ದ.

“ಎರಡು ಕಾಫಿ ಕುಡಿದ್ರಿ” ಎಂದಳು ಮಲ್ಲಿಕಾ. “ನಾನು ಬಿದ್ದುಕೊಂಡಿದ್ದೆ. ನೀವು ರಂಗಪ್ಪನ ಹೋಟೆಲಲ್ಲಿ ಎರಡು ಕಾಫಿ ಕುಡಿದ್ರಿ. ಇವತ್ತು ಮರದ ಹಿಂದೆ ನಿಂತು ಎಲ್ಲ ಕೇಳಿದೆ.”

ಕಿತ್ತಳೆಯ ಸೊಳೆ ಅವನ ಬಾಯಿಯ ಹತ್ತಿರ ಹೋಗಿ ಹಾಗೇ ಇಳಿಯಿತು. ಜಗಳವಾಡಲಿ, ಸುಳ್ಳು ಹೇಳಲಿ, ‘ನನಗೂ ಒಂದಿನ ಬೇಡ್ವಾ’ ಎಂದು ಕೂಗಲಿ ಎಂದು ಅವಳು ಕಾದಳು. ಹಾಗೆ ಕೂಗಿದ್ದರೆ ಅವಳು ಹೌದು ಅನ್ನುತ್ತಿದ್ದಳು, ಇಬ್ಬರೂ ಅವರವರ ಜಾಗ ಉಳಿಸಿಕೊಳ್ಳುತ್ತಿದ್ದರು. ಅವನು ಮೋರೆ ತಗ್ಗಿಸಿ ಶಾಲು ಮಡಿಸತೊಡಗಿದ. ಮಡಿಕೆ ಸರಿಬರಲಿಲ್ಲ, ಬಿಚ್ಚಿ ಮತ್ತೆ ಮಡಿಸಿದ.

“ನೆಟ್‌ವರ್ಕ್ ಅಂದ್ಕೊಂಡೆ ಮಾರಾಯ್ತಿ. ದೇವರಾಣೆ. ನೀನು ಬಿದ್ದದ್ದು ಅಂತ ಗೊತ್ತಾದ ಮೇಲೆ ಒಂದು ವಾರ ನಿದ್ದೆ ಮಾಡಿಲ್ಲ ನಾನು. ನಿಂಗೂ ಹೇಳೋಕೆ ಬಾಯಿ ಬರ್ಲಿಲ್ಲ, ರಂಗಪ್ಪಂಗೂ.” ಅವನ ದನಿ ಒಡೆದಿತ್ತು. “ತಪ್ಪಾಯ್ತು. ದೊಡ್ಡ ತಪ್ಪಾಯ್ತು. ಇನ್ಮೇಲೆ ಹಂಗೆ ಮಾಡಲ್ಲ. ನಿಜವಾಗಿ ಬರ್ತೇನೆ. ಎರಡು ತಿರುವೂ ಇಲ್ಲ ಎಂತದೂ ಇಲ್ಲ. ಬೆನ್ನಿಗೇ.”

“ಬೇಡ” ಎಂದಳು ಅವಳು. ಒಂದು ತಿಂಗಳು ಸಿದ್ಧಮಾಡಿದ ವಾಕ್ಯವನ್ನೂ ಹೇಳಿದಳು, “ಹೊಸ ವರ್ಷದಿಂದ ನೀವು ಹಿಂದೆ ಬರೋದು ಬೇಡ.” ಆದರೆ ಅದು ಈಗ ಮುನಿಸಿಕೊಂಡ ಹೆಂಡತಿಯ ಮಾತಾಗಿ ಕೇಳಿಸಿತು, ಅವಳ ಕಿವಿಗೂ.

“ನೀನು ಸಿಟ್ಟಲ್ಲಿ ಹಂಗೆ ಹೇಳೋದು ಸರಿ. ನಾನು ಕೇಳಬಾರದು” ಎಂದ ಸೋಮನಾಥ. “ಅಷ್ಟು ಜನರ ಮುಂದೆ ಶಾಲು ಹೊದ್ದುಕೊಂಡಿದೀನಿ. ಅದರ ಋಣ ಈಗ ದುಡಿದು ತೀರಿಸ್ಬೇಕು ನಾನು.”

ಜನವರಿಯ ಮೊದಲ ಭಾನುವಾರ ಇನ್ನೂ ಹೆಚ್ಚು ಚಳಿಯಿತ್ತು. ಹರಿಹರಪುರ ದಾಟಿದ ಮೇಲೆ ಮಲ್ಲಿಕಾ ತಿರುಗಿ ನೋಡಿದಳು. ಬೀಳಲಿಲ್ಲ. ಸ್ಕೂಟರಿನ ಹಳದಿ ದೀಪ ಮಂಜಿನಲ್ಲಿ ಎರಡು ಮಾರು ಹಿಂದೆಯೇ ಇತ್ತು, ಹಾರ್ನ್ ಒಮ್ಮೆ ಮೆಲ್ಲಗೆ ಕೂಗಿ ಇದ್ದೇನೆ ಎಂದಿತು. ಏರು ಬಂತು. ದೀಪ ಅವಳ ನೆರಳನ್ನು ಅವಳ ಮುಂದಿನ ಚಕ್ರದ ಮೇಲೆ ಬೀಳಿಸಿತು, ಅವಳು ತನ್ನ ನೆರಳನ್ನೇ ತುಳಿಯುತ್ತ ಹತ್ತಿದಳು. ಕೆಮ್ಮು ಸ್ಪಷ್ಟವಾಗಿ ಕೇಳುತ್ತಿತ್ತು. ಕಳೆದ ವರ್ಷವಿಡೀ ಈ ರಸ್ತೆಯಲ್ಲಿ ಅವಳು ಒಬ್ಬಳೇ ಇದ್ದಳು, ಅದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ಸಂಜೆಯೊಳಗೆ ಅವಳೇ ಅದನ್ನು ಕಳೆದುಕೊಂಡಳು. ಅದಕ್ಕೆ ಬದಲಾಗಿ ಸಿಕ್ಕದ್ದು ಮಾತಿಗೆ ತಪ್ಪದ ಗಂಡ.